ಚಾವಡಿಗೆ ಬಂದ ವೇಷ: ಈ ನಾಟಕ ನಮ್ಮ ಕಾಸರಗೋಡಿನಲ್ಲಿ ನಡೆದರೆ?

ಮುಳ್ಳೇರಿಯದ ಮೇಷ್ಟ್ರು

ನಮಸ್ಕಾರ. ನಮ್ಮ ವಾಚನಾಲಯದ ವಾರ್ಷಿಕೋತ್ಸವಕ್ಕೆ ಈ ಸಲ ನಾಟಕ ಆಗಲೇಬೇಕು ಅಂತ ಹುಡುಗರ ಹಠ. ಹಾಸ್ಯ ನಾಟಕ ಮಾಡಿ ಮಾಡಿ ನಮಗೇ ಬೇಜಾರು ಬಂದಿದೆ. ಹಾಗಾಗಿ ಒಂದು ಅಮೆರಿಕದ ನಾಟಕವನ್ನು ನಮ್ಮ ಕಡೆಗೆ ಒಗ್ಗಿಸುವ ಯೋಚನೆಯಲ್ಲಿದ್ದೇನೆ. ಜಾನ್ ಗ್ವೇರ್ ಬರೆದ 'ಸಿಕ್ಸ್ ಡಿಗ್ರೀಸ್ ಆಫ್ ಸೆಪರೇಷನ್'. 1990ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಆಡಿದ್ದು.

ಕತೆ ಹೀಗೆ. ಚಿತ್ರಕಲೆಯ ವ್ಯಾಪಾರ ಮಾಡುವ ಶ್ರೀಮಂತ ದಂಪತಿ, ಫ್ಲಾನ್ ಮತ್ತು ವೀಸಾ. ಮನೆಗೆ ದಕ್ಷಿಣ ಆಫ್ರಿಕಾದ ಒಬ್ಬ ದೊಡ್ಡ ಕುಳ ಬಂದಿದ್ದಾನೆ. ಒಂದು ಚಿತ್ರ ಕೊಳ್ಳಲು ಅವನಿಂದ 20 ಲಕ್ಷ ಡಾಲರ್ ಬೇಕು, ಆದರೆ ಬಾಯಿಬಿಟ್ಟು ಕೇಳುವ ಹಾಗಿಲ್ಲ. ಅಷ್ಟರಲ್ಲಿ ಪೌಲ್ ಅಂತ ಒಬ್ಬ ಕಪ್ಪು ಹುಡುಗ ಬಾಗಿಲಿಗೆ ಬರುತ್ತಾನೆ. ಅಂಗಿಗೆಲ್ಲ ರಕ್ತ. ಪಾರ್ಕಿನಲ್ಲಿ ದರೋಡೆ ಆಯಿತು, ನಿಮ್ಮ ಮಕ್ಕಳ ಜೊತೆ ಹಾರ್ವರ್ಡ್‌ನಲ್ಲಿ ಓದುವವ ನಾನು ಅನ್ನುತ್ತಾನೆ. ಮಾತಿನ ನಡುವೆ ಇನ್ನೊಂದು ಬಿಡುತ್ತಾನೆ, ನನ್ನ ತಂದೆ ಸಿಡ್ನಿ ಪಾಟಿಯೇ ಅಂತ. ಪಾಟಿಯೇ ಅಂದರೆ 1964ರಲ್ಲಿ ಶ್ರೇಷ್ಠ ನಟ ಆಸ್ಕರ್ ಪಡೆದ ಮೊದಲ ಕಪ್ಪು ನಟ. ಎಲ್ಲರೂ ಕರಗಿ ನೀರಾಗುತ್ತಾರೆ. ಹುಡುಗ ಅಡುಗೆಯನ್ನೂ ಮಾಡಿ ಬಡಿಸುತ್ತಾನೆ, ಚಂದದ ಮಾತೂ ಆಡುತ್ತಾನೆ. ಆ ರಾತ್ರಿಯ ಗುಂಗಿನಲ್ಲೇ ಅತಿಥಿ ದುಡ್ಡು ಕೊಡಲು ಒಪ್ಪುತ್ತಾನೆ.

ಬೆಳಗ್ಗೆ ನೋಡಿದರೆ ಹುಡುಗ ಬೀದಿಯಿಂದ ಒಬ್ಬ ಗಂಡಸನ್ನು ಕರೆತಂದು ಕೋಣೆಯಲ್ಲಿ ಇಟ್ಟುಕೊಂಡಿದ್ದಾನೆ. ಬೊಬ್ಬೆ, ಗಲಾಟೆ, ಹೊರಗೆ ದೂಡುತ್ತಾರೆ. ಆಮೇಲೆ ಮನೆಯೆಲ್ಲ ಹುಡುಕುತ್ತಾರೆ, ಏನು ಹೋಯಿತು ಏನು ಹೋಯಿತು ಅಂತ. ಏನೂ ಹೋಗಿಲ್ಲ. ಅವನಿಗೆ ಇವರು ಕೈಯಾರೆ ಕೊಟ್ಟದ್ದು 50 ಡಾಲರ್. ಅವನಿಂದ ಇವರಿಗಾದ ಲಾಭ 20 ಲಕ್ಷ. ಆದರೂ ಮೋಸ ಹೋದವರು ಇವರೇ!

ನನ್ನ ಪ್ರಶ್ನೆ ಇಷ್ಟೇ. ಇದು ನಮ್ಮಲ್ಲಿ ನಡೆದರೆ ಆ ಹುಡುಗ ಯಾರು? ಯಾವ ಮನೆಯ ಬಾಗಿಲು ತಟ್ಟುತ್ತಾನೆ? ಏನು ಹೇಳಿದರೆ ನಾವು ಒಳಗೆ ಕರೆಯುತ್ತೇವೆ?

ಉಪ್ಪಳ ಗೇಟ್

ಸಿನಿಮಾ ನೋಡಿದ್ದೇನೆ ಮೇಷ್ಟ್ರೇ. 1993ರದ್ದು. ಪೌಲ್ ಆದದ್ದು ವಿಲ್ ಸ್ಮಿತ್, ಆಗ ಇನ್ನೂ ಎಳೆಯ. ನನಗೆ ನಗು ಬಂದದ್ದು ಒಂದು ವಿಷಯಕ್ಕೆ. ಅಪ್ಪ 'ಕ್ಯಾಟ್ಸ್' ಸಂಗೀತ ನಾಟಕವನ್ನು ಸಿನಿಮಾ ಮಾಡುತ್ತಾರೆ, ನಿಮಗೂ ಅದರಲ್ಲಿ ಸಣ್ಣ ಪಾತ್ರ ಕೊಡಿಸುತ್ತೇನೆ ಅನ್ನುತ್ತಾನಲ್ಲ. ಅಷ್ಟು ದೊಡ್ಡ ಜನ, ಬೆಕ್ಕಿನ ವೇಷ ಹಾಕಲು ಒಳಗೊಳಗೇ ಕುಣಿಯುತ್ತಾರೆ.

ನಮ್ಮಲ್ಲಿಯಾದರೆ "ದುಬೈಯಲ್ಲಿ ಯಕ್ಷಗಾನ ಆಟ ಉಂಟು, ನಿಮ್ಮನ್ನು ಮುಖ್ಯ ಅತಿಥಿಯಾಗಿ ಕರೆಸುತ್ತೇನೆ" ಅಂದರೆ ಸಾಕು. ಶಾಲು, ಹಾರ, ಹಣ್ಣಿನ ಬುಟ್ಟಿ. ಯಾವ ಗೇಟೂ ತೆರೆಯುತ್ತದೆ.

ನೀಲೇಶ್ವರದ ಮಳೆ

ನನ್ನ ಕನ್ನಡ ಸ್ವಲ್ಪ ತಪ್ಪಾದರೆ ಕ್ಷಮಿಸಿ. ಮನೆಯಲ್ಲಿ ಮಲಯಾಳ, ಶಾಲೆ ಮಾತ್ರ ಕನ್ನಡ.

ಇದಕ್ಕೆ ನ್ಯೂಯಾರ್ಕಿಗೆ ಯಾಕೆ ಹೋಗಬೇಕು? ಚಂದ್ರಗಿರಿ ಹೊಳೆ ದಾಟಿ ಈಚೆ ಬನ್ನಿ. ಪೊಟ್ಟನ್ ತೆಯ್ಯಂ ನೋಡಿ, ನಿಮ್ಮ ಭೂತಕೋಲದ ಹಾಗೆ ನಮ್ಮ ಕಡೆಯ ದೈವದ ಆರಾಧನೆ. ಶಂಕರಾಚಾರ್ಯರು ಹೋಗುವ ದಾರಿಯಲ್ಲಿ ಒಬ್ಬ ಪೊಲಯ, ಅಂದರೆ ಮುಟ್ಟಬಾರದು ಅಂತ ದೂರ ಇಟ್ಟ ಜಾತಿಯವ, ಎದುರು ಬರುತ್ತಾನೆ. ದಾರಿ ಬಿಡು ಅಂದರೆ ಬಿಡುವುದಿಲ್ಲ. ಕೇಳುತ್ತಾನೆ: ನನ್ನ ಮೈ ಕೊಯ್ದರೂ ರಕ್ತ, ನಿನ್ನ ಮೈ ಕೊಯ್ದರೂ ರಕ್ತ, ಮತ್ತೆ ಜಗಳ ಎಂತದಕ್ಕೆ? ನಮ್ಮ ಕಸದ ಗುಂಡಿಯಲ್ಲಿ ನೆಟ್ಟ ಬಾಳೆಯ ಹಣ್ಣೇ ಅಲ್ಲವಾ ನಿನ್ನ ದೇವರ ಪೂಜೆಗೆ? ಕೊನೆಗೆ ನೋಡಿದರೆ ಅವನು ಶಿವ. ವೇಷ ಹಾಕಿ ಬಂದದ್ದು.

ತೆಯ್ಯಂ ಕೆಂಡದ ರಾಶಿಯ ಮೇಲೆ ಮಲಗಿ ನಗುತ್ತದೆ, ಚಳಿ ಆಗುತ್ತದೆ ಅನ್ನುತ್ತದೆ. ಅದರ ಮುಖವಾಡವೇ ನಗೆಮುಖ. ಎದುರಿಗೆ ನಿಂತವರಿಗೆ ಮಾತ್ರ ನಗು ಬರುವುದಿಲ್ಲ. ನಾನು ಚಿಕ್ಕವನಿದ್ದಾಗ ಅಮ್ಮನ ಸೀರೆ ಹಿಡಿದುಕೊಂಡು ನೋಡಿದ್ದು, ಇವತ್ತಿಗೂ ಆ ನಗೆ ಕಿವಿಯಲ್ಲಿ ಉಂಟು.

ಮುಳ್ಳೇರಿಯದ ಮೇಷ್ಟ್ರು

ಚೆಂದ ಹೇಳಿದಿರಿ. ಆದರೆ ಒಂದು ವ್ಯತ್ಯಾಸ ಉಂಟಲ್ಲ. ಪೊಟ್ಟನ್ ಕೊನೆಗೆ ಶಿವನಾಗುತ್ತಾನೆ, ಹಾಗಾಗಿ ಆಚಾರ್ಯರು ಕಾಲಿಗೆ ಬೀಳಬಹುದು. ಪೌಲ್ ಕೊನೆಗೆ ಯಾರೂ ಅಲ್ಲ. ಅವನ ನಿಜವಾದ ಹೆಸರು ಕೂಡ ಗೊತ್ತಾಗುವುದಿಲ್ಲ. ಪೊಲೀಸರು ಹಿಡಿದುಕೊಂಡು ಹೋದ ಮೇಲೆ ವೀಸಾ ಅವನನ್ನು ಹುಡುಕಲು ಹೋಗುತ್ತಾಳೆ. ಯಾರು ಅಂತ ಕೇಳುವುದು? ಅಲ್ಲೇ ದಾರ ಕಡಿಯುತ್ತದೆ.

ನೀಲೇಶ್ವರದ ಮಳೆ

ಹೌದು. ಬಂದವನು ಶಿವ ಅಲ್ಲದೆ ನಿಜವಾಗಿ ಪೊಲಯನೇ ಆಗಿದ್ದರೆ ಆಚಾರ್ಯರು ಏನು ಮಾಡುತ್ತಿದ್ದರು? ಅದನ್ನು ತೋಟ್ಟಂ ಪಾಟು, ತೆಯ್ಯಂನ ಕತೆ ಹೇಳುವ ಹಾಡು, ಹೇಳುವುದಿಲ್ಲ. ನಿಮ್ಮ ನಾಟಕ ಬಹುಶಃ ಅಲ್ಲಿಂದ ಶುರು.

ಕೆಂಪುಕಲ್ಲು

ಎಲ್ಲರೂ ಸೇರಿ ಒಬ್ಬ ಮೋಸಗಾರನನ್ನು ದೈವ ಮಾಡಿ ಕೋಲ ಕಟ್ಟಲು ಹೊರಟಿದ್ದೀರಿ. ಸ್ವಲ್ಪ ನಿಲ್ಲಿ.

ಈ ಕತೆಗೆ ಮೂಲ ಒಬ್ಬ ನಿಜವಾದ ಮನುಷ್ಯ. ಡೇವಿಡ್ ಹ್ಯಾಂಪ್ಟನ್. 1983ರಲ್ಲಿ ನ್ಯೂಯಾರ್ಕಿನಲ್ಲಿ ಪಾಟಿಯೇ ಮಗ ಅಂತ ಹೇಳಿಕೊಂಡು ದೊಡ್ಡವರ ಮನೆಗಳಿಗೆ ನುಗ್ಗಿದವ. ಪಾಟಿಯೇಗೆ ಇದ್ದದ್ದು ಆರು ಹೆಣ್ಣುಮಕ್ಕಳು, ಗಂಡು ಮಗುವೇ ಇಲ್ಲ! ಅವನ ಬಲೆಗೆ ಬಿದ್ದವರಲ್ಲಿ ನ್ಯೂಸ್‌ವೀಕ್ ಪತ್ರಿಕೆಯ ಸಂಪಾದಕನಾಗಿದ್ದ ಓಸ್ಬರ್ನ್ ಎಲಿಯಟ್ ಕೂಡ ಒಬ್ಬರು. ಗ್ವೇರ್ ಅವರ ಸ್ನೇಹಿತ, ಕತೆ ಸಿಕ್ಕಿದ್ದು ಹಾಗೆ. ಕೋರ್ಟು ಹ್ಯಾಂಪ್ಟನ್‌ಗೆ ದುಡ್ಡು ವಾಪಸ್ ಕೊಡಲು ಹೇಳಿತು. ಕೊಡಲಿಲ್ಲ, ಜೈಲಿಗೆ ಹೋದ. ನಾಟಕ ಗೆದ್ದ ಮೇಲೆ ಬಂದು, ಇದು ನನ್ನ ಬದುಕು, ನನಗೆ 10 ಕೋಟಿ ಡಾಲರ್ ಕೊಡಿ ಅಂತ ಗ್ವೇರ್ ಮೇಲೇ ಕೇಸು ಹಾಕಿದ. ಸೋತ. 2003ರಲ್ಲಿ ತೀರಿಕೊಂಡ.

ಇನ್ನು ನಾಟಕದ ಒಳಗಿನ ರಿಕ್‌ನ ಬಗ್ಗೆ ಮೇಷ್ಟ್ರು ಒಂದು ಮಾತೂ ಬರೆಯಲಿಲ್ಲ, ಯಾಕೆ? ಅಮೆರಿಕದ ಯೂಟಾ ರಾಜ್ಯದಿಂದ ಬಂದ ಬಡ ಹುಡುಗ, ಅವನೂ ಅವನ ಹುಡುಗಿಯೂ ಹೋಟೆಲಲ್ಲಿ ದುಡಿಯುವ ಜೋಡಿ. ಅವರು ಕೂಡಿಟ್ಟ ದುಡ್ಡನ್ನು ಪೌಲ್ ಪಡೆದು ಮಾಯ. ರಿಕ್ ಪ್ರಾಣ ಕಳೆದುಕೊಳ್ಳುತ್ತಾನೆ. ಅವನಲ್ಲಿ ಯಾವ ಶ್ರೀಮಂತರ ಪೂರ್ವಗ್ರಹ ಇತ್ತು?

ಮುಳ್ಳೇರಿಯದ ಮೇಷ್ಟ್ರು

ಒಪ್ಪಿದೆ. ರಿಕ್‌ನನ್ನು ಬಿಟ್ಟದ್ದು ನನ್ನ ತಪ್ಪು. ಅವನಿಲ್ಲದಿದ್ದರೆ ನಾಟಕ ಬರೀ ಸಿಹಿಯಾಗುತ್ತಿತ್ತು.

ಆದರೆ ಒಂದು ಗಮನಿಸಿ. ದೊಡ್ಡ ಮನೆಯವರು ಕಳೆದುಕೊಂಡದ್ದು 50 ಡಾಲರ್, ಅವರಿಗೆ ಅದು ಪಾರ್ಟಿಗಳಲ್ಲಿ ಹೇಳುವ ತಮಾಷೆಯ ಕತೆ. ಸತ್ತದ್ದು ಬಡವ. ವೀಸಾಗೆ ಕೊನೆಗೆ ತಡೆಯಲಾಗದೆ ಹೋಗುವುದು ಇದೇ, ಒಬ್ಬ ಮನುಷ್ಯನನ್ನು ಊಟದ ಮೇಜಿನ ಜೋಕು ಮಾಡಿಬಿಟ್ಟೆವಲ್ಲ ಅಂತ.

ತಾಳಮದ್ದಳೆ ಮರುಳ

ಕರ್ಣನ ಹೆಸರು ಇನ್ನೂ ಬರಲಿಲ್ಲ ಅಂತ ನೋಡುತ್ತಾ ಇದ್ದೆ! ಕುಂಬಳೆ ಸೀಮೆಯವರು, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ಅನ್ನಿಸಿಕೊಂಡು ಕರ್ಣನನ್ನು ಮರೆತರೆ ಹೇಗೆ?

ಬ್ರಾಹ್ಮಣ ಅಂತ ಸುಳ್ಳು ಹೇಳಿ ಪರಶುರಾಮನ ಹತ್ತಿರ ವಿದ್ಯೆ ಕಲಿತ. ಗುರು ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ ಹುಳ ತೊಡೆ ಕೊರೆಯಿತು. ಗುರುವಿನ ನಿದ್ದೆ ಕೆಡಬಾರದು ಅಂತ ತಡೆದುಕೊಂಡ. ರಕ್ತ ತಾಗಿ ಗುರು ಎದ್ದ. ಇಷ್ಟು ನೋವು ತಾಳುವವನು ಬ್ರಾಹ್ಮಣ ಆಗಿರಲು ಸಾಧ್ಯವಿಲ್ಲ ಅಂದ, ಶಾಪ ಕೊಟ್ಟ. ಅಂದರೆ ಅವ ಸಿಕ್ಕಿಬಿದ್ದದ್ದು ಕೆಟ್ಟತನದಿಂದ ಅಲ್ಲ, ಗುರುಭಕ್ತಿಯಿಂದ. ಕಲಿಯುವಷ್ಟು ದಿನವೂ ಶಿಷ್ಯನಲ್ಲಿ ಗುರುವಿಗೆ ಒಂದು ಕೊರತೆ ಕಾಣಲಿಲ್ಲ. ಹುಟ್ಟು ಗೊತ್ತಾದ ಕ್ಷಣ ಎಲ್ಲ ವಿದ್ಯೆ ಮಣ್ಣುಪಾಲು.

ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಇದರ ಮೇಲೆ ಗಂಟೆಗಟ್ಟಲೆ ವಾದ ಕೇಳಿದ್ದೇನೆ. ಪರಶುರಾಮನ ಮಾತು ಆಡುವ ಅರ್ಥಧಾರಿ, ನಾನು ಶಪಿಸಿದ್ದು ಸುಳ್ಳನ್ನು, ಕುಲವನ್ನಲ್ಲ ಅಂದರು. ಎದುರಿನವರು ಕೂಡಲೇ, ನಿಜ ಹೇಳಿದ್ದರೆ ಕಲಿಸುತ್ತಿದ್ದಿರಾ ಅಂತ ಕೇಳಿದರು. ಸಭೆ ಸ್ತಬ್ಧ. ಭಾಗವತರು ಮೆಲ್ಲ ತಾಳ ಕುಟ್ಟಿ ಪದ್ಯ ಎತ್ತಿಕೊಂಡು ಬಚಾವು ಮಾಡಿದರು.

ಇನ್ನೊಂದು, ಗಿರೀಶ ಕಾರ್ನಾಡರ 'ತುಘಲಕ್' ನಾಟಕದ ಅಜೀಜ. 1964ರ ನಾಟಕ. ಅಗಸ, ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೇ ಕೇಸು ಗೆಲ್ಲುತ್ತಾನೆ. ಆಮೇಲೆ ಖಲೀಫರ ವಂಶದವನನ್ನೇ ಕೊಂದು ಆ ವೇಷದಲ್ಲೂ ಬರುತ್ತಾನೆ. ಕೊನೆಗೆ ಸುಲ್ತಾನನ ಎದುರು ಬೆತ್ತಲಾದಾಗ ಸುಲ್ತಾನನಿಗೆ ಶಿಕ್ಷೆ ಕೊಡಲು ಆಗುವುದಿಲ್ಲ, ನೌಕರಿ ಕೊಡುತ್ತಾನೆ. ಕೆಂಪುಕಲ್ಲು ಅವರೇ, ಅಜೀಜ ಕೊಲೆಗಾರ. ಅವನನ್ನು ದೈವ ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಅವನಿಂದ ಸುಲ್ತಾನ ಕಾಣುತ್ತಾನೆ, ಅಷ್ಟೇ.

ಪೆರ್ಲದ ಸೊಸೆ

ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಮೇಷ್ಟ್ರ ಪ್ರಶ್ನೆಗೆ ಉತ್ತರ ನಮ್ಮ ಮನೆಯಲ್ಲೇ ಉಂಟು.

ಮದುವೆಯಾಗಿ ಬಂದ ಹೊಸತು. ಮಳೆ ಶುರುವಾದ ಸಮಯ. ಮುಸ್ಸಂಜೆ ಒಬ್ಬ ಹುಡುಗ ಕೊಡೆ ಇಲ್ಲದೆ ಒದ್ದೆಯಾಗಿ ಅಂಗಳಕ್ಕೆ ಬಂದ. ಮಂಗಳೂರಿನಲ್ಲಿ ಓದುತ್ತಿದ್ದ ನನ್ನ ಮೈದುನನ ಹೆಸರು ಹೇಳಿದ. ಒಂದೇ ಹಾಸ್ಟೆಲ್, ಈ ಕಡೆ ಬಂದಿದ್ದೆ, ಕೊನೆಯ ಬಸ್ಸು ತಪ್ಪಿತು ಅಂದ. ಮೈದುನನ ವಿಷಯವೆಲ್ಲ ಅವನಿಗೆ ಗೊತ್ತು. ಅತ್ತೆಯ ಮಂಡಿನೋವು ಕೂಡ ಗೊತ್ತು. ಮಾತು ಅಪ್ಪಟ ನಮ್ಮ ಮನೆಮಾತು. ಮಾವ ಎಲ್ಲರಿಗೂ ಕೇಳುವ ಹಾಗೆ "ಮನೆ ಎಲ್ಲಿ ಆತು?" ಕೇಳಿದರು. ಅವ "ವಿಟ್ಲದ ಹತ್ತಿರ" ಅಂದ. ಅಷ್ಟೇ ಅಂದದ್ದು. ಮಾವನೇ ಮುಂದುವರಿಸಿದರು, "ಓ, ಹಾಗಾದರೆ ನೀನು ಇಂಥವರ ಪೈಕಿಯಾ?" ಅವ ನಕ್ಕ. ಮಾವನಿಗೆ ಅದು ಸಾಕಾಯಿತು.

ಈಗ ಯೋಚಿಸಿದರೆ, ಸುಳ್ಳಿನ ಅರ್ಧಕ್ಕಿಂತ ಜಾಸ್ತಿ ಭಾಗ ಹೇಳಿದ್ದು ನಾವೇ.

ಬೈರಾಸು ಕೊಟ್ಟೆವು, ಬಿಸಿ ಕಾಫಿ ಕೊಟ್ಟೆವು. ಒಳಗೆ ನಮ್ಮ ಪಂಕ್ತಿಯಲ್ಲೇ ಊಟ. ಅತ್ತೆ ಎರಡೆರಡು ಸಲ ತುಪ್ಪ ಬಡಿಸಿದರು. ಮರುದಿನ ಬೆಳಗ್ಗೆ ಕೈಗೆ ಎಣ್ಣೆ ಸವರಿಕೊಂಡು ಒಂದು ದೊಡ್ಡ ಹಲಸಿನಹಣ್ಣು ಪೂರ್ತಿ ಆಯ್ದು ಕೊಟ್ಟು ಹೋದ. "ಹುಡುಗ ಅಂದರೆ ಹೀಗಿರಬೇಕು" ಅಂತ ಅತ್ತೆ ವಾರವಿಡೀ ಹೊಗಳಿದರು. ನನ್ನ ತಂಗಿಗೆ ಕೇಳಬಹುದಾ ಅಂತಲೂ ಮಾತು ಬಂತು.

ಮೈದುನ ರಜೆಗೆ ಬಂದಾಗ ಗೊತ್ತಾಯಿತು. ಅವನು ಹಾಸ್ಟೆಲಿನ ವಿದ್ಯಾರ್ಥಿ ಅಲ್ಲ, ಮೆಸ್ಸಿನಲ್ಲಿ ಬಡಿಸುವವ. ಹುಡುಗರ ಮಾತು ಕೇಳಿ ಕೇಳಿ ಕಲಿತವ. ಎಂತ ಜನ ಅಂತಲೂ ಮೈದುನ ಹೇಳಿದ.

ಅತ್ತೆ ಮೊದಲು ಕೇಳಿದ್ದು ಅವನು ಮಲಗಿದ ಚಾಪೆ ಯಾವುದು ಅಂತ. ಅದನ್ನು ಹೊರಗೆ ಹಾಕಿಸಿದರು. ಮಾವ ಒಳ್ಳೆಯವರು, ಬೈಯಲಿಲ್ಲ. "ನಿಜ ಹೇಳಿದ್ದರೂ ಊಟ ಹಾಕುತ್ತಿದ್ದೆವು. ಜಗಲಿಯಲ್ಲಿ ಮಲಗಲು ಜಾಗವೂ ಕೊಡುತ್ತಿದ್ದೆವು" ಅಂದರು. ತಾನು ದೊಡ್ಡ ಮಾತು ಹೇಳಿದೆ ಅಂತಲೇ ಅವರಿಗೆ ಅನ್ನಿಸಿತ್ತು.

ನನ್ನದೂ ಹೇಳಿಬಿಡುತ್ತೇನೆ. ಆ ಲೋಟ ಯಾವುದು ಅಂತ ನನಗೆ ಗೊತ್ತಿತ್ತು. ಹತ್ತು ದಿನ ಎಲ್ಲರೂ ಅದರಲ್ಲೇ ಕುಡಿದಾಗಿತ್ತು. ಆದರೂ ಆ ದಿನ ನಾನು ಅದನ್ನು ಇನ್ನೊಂದು ಸಲ ಹುಣಿಸೆಹಣ್ಣು ಹಾಕಿ ತಿಕ್ಕಿದೆ.

ಉಪ್ಪಳ ಗೇಟ್

ಅಕ್ಕಾ, ಇದನ್ನು ಓದಿ ಸ್ವಲ್ಪ ಹೊತ್ತು ಫೋನು ಕೆಳಗಿಟ್ಟೆ.

ಕೆಂಪುಕಲ್ಲು

ಅಕ್ಕ ಧೈರ್ಯವಾಗಿ ಬರೆದಿರಿ, ಗೌರವ ಉಂಟು. ಆದರೂ ಕೇಳುತ್ತೇನೆ, ಕೋಪ ಮಾಡಬೇಡಿ. ಗುರುತಿಲ್ಲದವ ಹೆಣ್ಣುಮಕ್ಕಳಿರುವ ಮನೆಯಲ್ಲಿ ಸುಳ್ಳು ಹೇಳಿ ರಾತ್ರಿ ಉಳಿದ. ಜಾತಿ ಬಿಡಿ, ಅದರ ಬಗ್ಗೆ ಹೆದರಿಕೆಯೇ ಆಗಬಾರದಾ?

ಪೆರ್ಲದ ಸೊಸೆ

ಆಗಬೇಕು. ಆದರೆ ನಮಗೆ ಆಗಲಿಲ್ಲವಲ್ಲ! ಯಾರೂ ಕಪಾಟು ನೋಡಲಿಲ್ಲ. ಬಾಗಿಲಿಗೆ ಹೊಸ ಚಿಲಕ ಹಾಕಲಿಲ್ಲ. ಚಾಪೆ ಬಿಸಾಡಿದೆವು.

ಹೆಸರು ಬೇಡ

ಇಲ್ಲಿ ಬಹಳ ವರ್ಷದಿಂದ ಓದುತ್ತೇನೆ, ಬರೆಯುವುದು ಇದೇ ಮೊದಲು. ನಾನು ಆ ಹುಡುಗನ ಕಡೆಯವನು.

ಕೆಲಸ ಸಿಕ್ಕಿದ ಹೊಸತರಲ್ಲಿ ಬಾಡಿಗೆ ರೂಮು ಹುಡುಕುತ್ತಿದ್ದೆ. ಯಾವ ಊರು ಅಂತ ಬೇಡ. ನನಗೆ ಕನ್ನಡ ಕಲಿಸಿದ ಮೇಷ್ಟ್ರು ತುಂಬ ಒಳ್ಳೆಯವರು, ಹಾಗಾಗಿ ನನ್ನ ಮಾತು ಪುಸ್ತಕದ ಹಾಗೆ ಶುದ್ಧ. ಮನೆಯ ಯಜಮಾನರು ಮಾತು ಕೇಳಿಯೇ ಖುಷಿಯಾದರು. "ಈಗಿನವರಲ್ಲಿ ಇಂಥ ಕನ್ನಡ ಎಲ್ಲಿ ಉಂಟು" ಅಂದರು. ಮೀನು ಮಾಂಸ ಮಾಡುತ್ತೀರಾ ಅಂತ ಕೇಳಿದರು. ಇಲ್ಲ ಅಂದೆ. ಅದು ನಿಜ, ನನಗೆ ಅಡುಗೆಯೇ ಬರುವುದಿಲ್ಲ! ಉಳಿದದ್ದನ್ನು ಅವರೇ ಲೆಕ್ಕ ಹಾಕಿದರು. ನಾನು ತಿದ್ದಲಿಲ್ಲ.

ಎರಡು ವರ್ಷ ಇದ್ದೆ. ಹಬ್ಬಕ್ಕೆ ಪಾಯಸ ಬರುತ್ತಿತ್ತು. ಸಂಜೆ ಜಗಲಿಯಲ್ಲಿ ಕೂರಿಸಿ ಮಾತಾಡುತ್ತಿದ್ದರು. ನಮ್ಮ ಜನರ ಬಗ್ಗೆ ಅವರು ಏನೆಲ್ಲ ಹೇಳುತ್ತಿದ್ದರು ಅಂತ ಇಲ್ಲಿ ಬರೆಯುವುದಿಲ್ಲ. ದ್ವೇಷದಿಂದ ಹೇಳುತ್ತಿರಲಿಲ್ಲ, ಅದು ಇನ್ನೂ ಕಷ್ಟ. ಮಳೆ ಬರುತ್ತದೆ, ಅಡಿಕೆಗೆ ರೇಟು ಇಲ್ಲ ಅನ್ನುವ ಹಾಗೆ ಸಹಜವಾಗಿ ಹೇಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ರೂಮಿಗೆ ಬಂದು ಫ್ಯಾನು ನೋಡುತ್ತಾ ಮಲಗುತ್ತಿದ್ದೆ.

ತಂಗಿಯ ಮದುವೆಗೆ ಕಾಗದ ಕೊಟ್ಟೆ. ಕೊಡದೆ ಇರಲು ಮನಸ್ಸಾಗಲಿಲ್ಲ, ಅಷ್ಟು ಪಾಯಸ ತಿಂದಿದ್ದೆ. ಕಾಗದದ ಮೇಲೆ ನಮ್ಮ ದೈವಸ್ಥಾನದ ಹೆಸರು, ಅಜ್ಜನ ಹೆಸರು ಇತ್ತು. ಓದಿದರು. "ಸಂತೋಷ" ಅಂದರು. ಮರುತಿಂಗಳು ಮಗಳು ಬರುತ್ತಾಳೆ, ರೂಮು ಬೇಕು ಅಂದರು. ನಾನು ಬಿಟ್ಟ ವಾರದಲ್ಲೇ ಗೇಟಿಗೆ 'ಬಾಡಿಗೆಗೆ ಇದೆ' ಬೋರ್ಡು ಬಿತ್ತು.

ನಾನು ವಂಚಕನಾ? ನನಗೆ ಬೇಕಿದ್ದದ್ದು ಒಂದು ರೂಮು.

ಮುಳ್ಳೇರಿಯದ ಮೇಷ್ಟ್ರು

ಏನು ಬರೆಯಬೇಕು ಅಂತ ಗೊತ್ತಾಗಲಿಲ್ಲ. ಒಂದು ಮಾತ್ರ. ನಾಟಕದಲ್ಲಿಯೂ ಪೌಲ್‌ಗೆ ಶ್ರೀಮಂತರ ಮಾತು, ನಡೆ ಎಲ್ಲ ಕಲಿಸಿದ್ದು ಅವರ ಮಕ್ಕಳ ಹಳೆಯ ಸಹಪಾಠಿ ಟ್ರೆಂಟ್ ಅಂತ ಒಬ್ಬ. ತನ್ನ ವಿಳಾಸದ ಪುಸ್ತಕದಲ್ಲಿದ್ದ ಒಬ್ಬೊಬ್ಬರ ಬಗ್ಗೆಯೂ ಹೇಳಿಕೊಡುತ್ತಾನೆ. ನಮ್ಮಲ್ಲಿ ಅದನ್ನು ಕನ್ನಡ ಮೇಷ್ಟ್ರೇ ಮಾಡುತ್ತಾರೆ ಅಂತ ಇವತ್ತು ಗೊತ್ತಾಯಿತು. ಶುದ್ಧ ಕನ್ನಡ ಅಂತ ಎಷ್ಟು ಮಕ್ಕಳಿಗೆ ನಾನೂ ತಿದ್ದಿದ್ದೇನೆ!

ಚೌಕಿಯ ಕನ್ನಡಿ

ಇದು ಗಡಿನಾಡಿಗೆ ಇನ್ನೂ ಒಂದು ಸುತ್ತು ಜಾಸ್ತಿ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಗಡಿ ವಿವಾದ ನೋಡಲು ನೇಮಿಸಿದ ಮಹಾಜನ ಆಯೋಗ ಚಂದ್ರಗಿರಿಯ ಉತ್ತರ ಭಾಗವನ್ನು ಕರ್ನಾಟಕಕ್ಕೆ ಕೊಡಿ ಅಂದರೂ ಏನೂ ಆಗಲಿಲ್ಲ. ಅಂದಿನಿಂದ ಕನ್ನಡ ಮಾತಾಡಿದವರೆಲ್ಲ ನಮ್ಮವರು ಅಂತ ವೇದಿಕೆಯಲ್ಲಿ ಹೇಳುತ್ತೇವೆ. ಆದರೆ ನಮ್ಮವರು ಅಂದಮೇಲೂ ಮನೆ ಎಲ್ಲಿ ಅಂತ ಕೇಳುತ್ತೇವೆ, ಅಲ್ವಾ?

ಹಾಗಾಗಿ ನನ್ನ ಸಲಹೆ. ನಿಮ್ಮ ಪೌಲ್ ಸಿನಿಮಾ ನಟನ ಮಗ ಆಗುವುದು ಬೇಡ. ಕನ್ನಡ ಹೋರಾಟಗಾರರೊಬ್ಬರ ಮೊಮ್ಮಗ ಅಂತ ಹೇಳಿಕೊಂಡು ಬರಲಿ. ಮನೆಯ ಯಜಮಾನರು ಕನ್ನಡ ಸಂಘದ ಅಧ್ಯಕ್ಷರು, ಎಲ್ಲರೂ ಒಂದೇ ಅಂತ ಭಾಷಣ ಬರೆಯುತ್ತಾ ಕೂತಿದ್ದಾರೆ. ಮೂಲ ನಾಟಕದಲ್ಲಿ ರಷ್ಯಾದ ಚಿತ್ರಕಾರ ಕ್ಯಾಂಡಿನ್‌ಸ್ಕಿಯ ಒಂದು ಚಿತ್ರ ಉಂಟು, ಎರಡೂ ಬದಿಗೆ ಬಿಡಿಸಿದ್ದು. ಒಂದು ಬದಿ ಶಿಸ್ತು, ಇನ್ನೊಂದು ಬದಿ ಗೊಂದಲ. ವೇದಿಕೆಯ ಮೇಲೆ ಅದು ತಿರುಗುತ್ತಾ ಇರುತ್ತದೆ. ನೀವು ಅದರ ಬದಲು ಚಾವಡಿಯಲ್ಲಿ ಒಂದು ಯಕ್ಷಗಾನದ ಕಿರೀಟ ತೂಗುಹಾಕಿ. ಮುಂದಿನಿಂದ ಬೇಗಡೆ, ಕನ್ನಡಿ ಚೂರು, ಝಗಝಗ. ಹಿಂದಿನಿಂದ ಬರೀ ಮರ, ಬಟ್ಟೆಯ ದಾರ. ಮೆಲ್ಲ ತಿರುಗಲಿ.

ತಾಳಮದ್ದಳೆ ಮರುಳ

ಕಿರೀಟ ನಾನು ಕೊಡಿಸುತ್ತೇನೆ. ಆದರೆ ಜೋಪಾನ ಮಾರಾಯ್ರೇ, ಹೋದ ಸಲ ಶಾಲೆಯವರು ಕೊಂಡುಹೋದದ್ದು ಒಂದು ಕಿವಿ ಮುರಿದು ವಾಪಸ್ ಬಂದಿತ್ತು.

ಕೆಂಪುಕಲ್ಲು

ರಿಕ್‌ನ ಪಾತ್ರ ತೆಗೆಯುವುದಿಲ್ಲ ಅಂತ ಮಾತು ಕೊಟ್ಟರೆ ನಾನು ಲೈಟಿಂಗಿಗೆ ಬರುತ್ತೇನೆ. ಬದಿಯಡ್ಕದ ಹೋಟೆಲಲ್ಲಿ ದುಡಿಯುವ ಹುಡುಗ ಅಂತ ಮಾಡಿ. ಚಿಟ್ ಫಂಡಿನ ದುಡ್ಡು ಹೋಗಲಿ.

ಮುಳ್ಳೇರಿಯದ ಮೇಷ್ಟ್ರು

ಮಾತು ಕೊಟ್ಟೆ. ಭಾನುವಾರ 3 ಗಂಟೆಗೆ ವಾಚನಾಲಯದಲ್ಲಿ ಮೊದಲ ಓದು. 'ಹೆಸರು ಬೇಡ' ಅವರೇ, ನೀವು ಬಂದರೆ ಹುಡುಗನ ಪಾತ್ರ ನಿಮಗೇ. ಒತ್ತಾಯ ಇಲ್ಲ.

ಹೆಸರು ಬೇಡ

ಬರುತ್ತೇನೆ. ಹುಡುಗನ ಪಾತ್ರ ಬೇಡ. ಅದನ್ನು ಎರಡು ವರ್ಷ ಮಾಡಿ ಆಗಿದೆ. ಯಜಮಾನರ ಪಾತ್ರ ಕೊಡಿ. ಅವರ ಮಾತೆಲ್ಲ ನನಗೆ ಬಾಯಿಪಾಠ ಉಂಟು.

ಪೆರ್ಲದ ಸೊಸೆ

ನಾನೂ ಬರುತ್ತೇನೆ. ಕಾಫಿ, ಲೋಟ ಎಲ್ಲ ನನ್ನ ಕಡೆಯಿಂದ.